ಕೈಗುಣ

ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರವನ್ನು ಪುರಸಭೆಯ ಅಧ್ಯಕ್ಷರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನೀರು ಶುದ್ಧೀಕರಣ ಘಟಕದ ಆಪರೇಟರ್ ಕಾಲರ್ ಸರಿಮಾಡಿಕೊಂಡು ಎದ್ದು ನಿಂತ. ಇಪ್ಪತ್ತಾರು ವರ್ಷದಿಂದ ನದಿಯ ನೀರಿಗೆ ಪಟಿಕ ಬೆರೆಸಿ, ಕೆಸರನ್ನು ತಳಕ್ಕೆ ಇಳಿಸಿ, ತಿಳಿನೀರನ್ನು ಊರಿಗೆ ಬಿಡುತ್ತಿದ್ದವನು ಅವನು. ಒಂದು ದಿನವಾದರೂ ಯಾರಾದರೂ ಚೆನ್ನಾಗಿದೆ ಅಂದಿದ್ದರೆ ಕೇಳಿ! ನಲ್ಲಿಯಲ್ಲಿ ಕೆಂಪು ನೀರು ಬಂದ ದಿನ ಮಾತ್ರ ಊರಿಗೆಲ್ಲ ಅವನ ನೆನಪಾಗುತ್ತಿತ್ತು.

"ನಾಲ್ಕು ವರ್ಷದಲ್ಲಿ ಪಟಿಕದ ಖರ್ಚು ಕಾಲು ಭಾಗಕ್ಕೆ ಇಳಿದಿದೆ," ಅಂದರು ಅಧ್ಯಕ್ಷರು. "ಅದೇ ನದಿ, ಅದೇ ತೊಟ್ಟಿ. ಇದಕ್ಕೇನಂತೀರಿ? ಕೈಗುಣ ಕಣ್ರೀ, ಕೈಗುಣ!"

ಚಪ್ಪಾಳೆ ಬಿತ್ತು. ಆಪರೇಟರನ ಎದೆ ಉಬ್ಬಿತು. ಸುಳ್ಳೇಕೆ, ಅವನಿಗೂ ಹಾಗೇ ಅನ್ನಿಸಿಬಿಟ್ಟಿತ್ತು. ಎಷ್ಟು ಹಾಕಬೇಕು, ಎಷ್ಟು ಹೊತ್ತು ಕಲಕಬೇಕು ಎನ್ನುವ ಹದ ಈಗೀಗ ಕೈಗೇ ಹತ್ತಿಬಿಟ್ಟಿದೆ ಎಂದು ಮನೆಯಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. "ಆ ಕೈಗುಣ ವಾರಕ್ಕೊಂದು ದಿನ ನಮ್ಮ ಅಡುಗೆಮನೆ ಕಡೆಗೂ ಬರ್ಲಿ," ಎಂದು ಹೆಂಡತಿ ಕಾಲೆಳೆದಿದ್ದಳು.

"ಇನ್ನು ಎರಡನೇ ವಿಷಯ," ಗಡಿಯಾರವನ್ನು ಕೈಯಲ್ಲಿ ಹಿಡಿದೇ ಅಧ್ಯಕ್ಷರು ಮೇಜಿನ ಮೇಲಿನ ಕಾಗದದ ಕಡೆ ನೋಡಿದರು. "ನದಿ ಹುಟ್ಟೋ ಗುಡ್ಡದಲ್ಲಿ ಕಾಡು ಬೆಳೆಸಿ ಅಂತ ಪ್ರತಿ ಮನೆಯ ನೀರಿನ ಬಿಲ್ಲಿಂದ ಅಷ್ಟಿಷ್ಟು ತೆಗೆದು ಗುಡ್ಡದೋರಿಗೆ ಕೊಡ್ತಿದೀವಿ. ನಾಲ್ಕು ವರ್ಷ ಆಯ್ತು. ನಮಗೇನು ಸಿಕ್ತು, ಹೇಳಿ? ನಿಲ್ಲಿಸಿಬಿಡೋಣ. ಸಹಿ ಹಾಕೋದೊಂದೇ ಬಾಕಿ."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಗುಡ್ಡದ ಕಾಡು ಸಮಿತಿಯ ಮುಖ್ಯಸ್ಥೆ ಚಪ್ಪಲಿಯ ಕೆಂಪು ಮಣ್ಣನ್ನೂ ಕೊಡವದೆ ಒಳಗೆ ನುಗ್ಗಿದಳು. ಸಭೆಯಲ್ಲಿ ಏನು ನಡೆಯುತ್ತಿದೆ ಎನ್ನುವ ಗೊಡವೆಯೇ ಅವಳಿಗಿರಲಿಲ್ಲ.

"ನಂದೊಂದು ದೂರಿದೆ ಸ್ವಾಮಿ! ದುಡ್ಡಿನ ಜೊತೆ ಪಟಿಕದ ಖಾಲಿ ಚೀಲ ಎಲ್ಲಾ ನಮಗೇ ಅಂತ ತಾನೆ ಮಾತಾಗಿದ್ದು? ಅದಕ್ಕೆ ಮಣ್ಣು ತುಂಬಿ, ನೀರು ಕೊರೆದ ಕಡೆಯೆಲ್ಲ ಅಡ್ಡ ಒಟ್ತೀವಿ ನಾವು. ಮೊದಲ್ನೇ ವರ್ಷ ಎಂಟುನೂರು ಚೀಲ ಬಂತು. ಈ ವರ್ಷ ಎಷ್ಟು ಗೊತ್ತಾ? ಇನ್ನೂರು! ಮಿಕ್ಕ ಆರುನೂರು ಯಾರ ಪಾಲಾಯ್ತು? ಕೇಳಿ, ಅಲ್ಲೇ ನಿಂತಿದಾರಲ್ಲ ಚೀಲದಣ್ಣ!"

ಚೀಲದಣ್ಣ ಎಂಬುದು ಆಪರೇಟರನಿಗೆ ಗುಡ್ಡದವರು ಪ್ರೀತಿಯಿಂದ ಇಟ್ಟ ಹೆಸರು. ತಿಂಗಳಿಗೊಮ್ಮೆ ಖಾಲಿ ಚೀಲಗಳನ್ನು ಒಗೆದು, ಕಟ್ಟು ಕಟ್ಟಿ, ಅವರ ಗಾಡಿಗೆ ತಾನೇ ಎತ್ತಿ ಹಾಕುತ್ತಿದ್ದವನು ಪಾಪ. ಕಾಲೊರೆಸಲು ಬೇಕೆಂದು ಕೂಡ ಒಂದು ಚೀಲ ಮನೆಗೆ ಒಯ್ದವನಲ್ಲ. ತುಂಬಿದ ಸಭೆಯಲ್ಲಿ ಕಳ್ಳನನ್ನಾಗಿ ಮಾಡಿಬಿಟ್ಟಳಲ್ಲ ಎಂದು ಅವನ ಕಣ್ಣು ಕೆಂಪಾಯಿತು.

"ಅಲ್ಲಮ್ಮಾ, ಖಾಲಿ ಆದ್ರೆ ತಾನೆ ಕೊಡೋದು? ಬನ್ನಿ ಗೋದಾಮಿಗೆ, ನೀವೇ ನೋಡಿ. ಬಾಯಿ ಹೊಲಿದಿದ್ದು ಹೊಲಿದ ಹಾಗೇ ಸೂರಿನ ತನಕ ಕೂತಿವೆ. ಒಡೆಯೋ ಪ್ರಸಂಗವೇ ಬರ್ತಿಲ್ಲ. ನೀರು ಮೇಲಿಂದಾನೇ ತಿಳಿಯಾಗಿ..."

ತನ್ನ ಬಾಯಿಂದ ಬಂದ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡವನ ಹಾಗೆ ಅವನು ನಿಂತುಬಿಟ್ಟ. ಈ ಮಳೆಗಾಲದಲ್ಲಿ ತೊಟ್ಟಿಯ ಗೋಡೆಯ ಮೇಲೆ, ನೀರಿನೊಳಗಿನ ಅಳತೆಯ ಅಂಕಿಗಳು ತಳದ ತನಕ ಕಾಣುತ್ತಿದ್ದವು. ಯಾರೋ ಹೊಸದಾಗಿ ಬಣ್ಣ ಬಳಿದಿರಬೇಕು ಎಂದುಕೊಂಡಿದ್ದ ದಡ್ಡ ತಾನು! ಅಧ್ಯಕ್ಷರ ಕೈಯಲ್ಲಿ ಗಡಿಯಾರವಿತ್ತು, ಮೇಜಿನ ಮೇಲೆ ಪೆನ್ನಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಗಡಿಯಾರವೂ ತನ್ನದು, ಕೈಗುಣವೂ ತನ್ನದು. ಇಪ್ಪತ್ತಾರು ವರ್ಷದ ಮೇಲೆ ಬಂದ ಹೊಗಳಿಕೆ.

"ಆ ಕಾಗದಕ್ಕೆ ಸಹಿ ಹಾಕ್ಬೇಡಿ ಸ್ವಾಮಿ," ಅಂದ. "ಪಟಿಕ ಉಳಿಸಿದ್ದು ನಾನಲ್ಲ, ಇವರು."

"ಏನ್ರೀ ಇದು? ಈ ವರ್ಷ ಮಳೆ ಕಮ್ಮಿ ಇತ್ತೇನೋ, ಅದಕ್ಕೇ..." ಎಂದರು ಅಧ್ಯಕ್ಷರು.

"ಕಮ್ಮೀನಾ! ಸೇತುವೆ ಮುಳುಗಿ ನಿಮ್ಮ ಕಾರು ಮೂರು ದಿನ ಆಚೆ ದಡದಲ್ಲಿ ನಿಂತಿರ್ಲಿಲ್ವಾ? ಅಂಥ ಮಳೇಲಿ ಮುಂಚೆ ದಿನಕ್ಕೆ ಹನ್ನೆರಡು ಚೀಲ ಒಡೀತಿದ್ದೆ. ಈ ಸಲ ಮೂರೇ ಮೂರು. ನದಿಗೆ ಇಳಿಯೋ ಕೆಸರನ್ನ ಗುಡ್ಡದಲ್ಲೇ ಹಿಡಿದು ಕೂರ್ಸಿದಾರೆ ಸ್ವಾಮಿ, ಅದೂ ನಮ್ಮ ಚೀಲದಲ್ಲೇ!"

ಮೂಲೆಯಲ್ಲಿದ್ದ ಗುಮಾಸ್ತ ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕಿ, ಗುಡ್ಡಕ್ಕೆ ಕೊಟ್ಟದ್ದಕ್ಕಿಂತ ಪಟಿಕದಲ್ಲಿ ಉಳಿದದ್ದೇ ಜಾಸ್ತಿ ಎಂದು ಮೆಲ್ಲಗೆ ಹೇಳಿದ. ಅಧ್ಯಕ್ಷರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಕಾಗದ ನೋಡಿದರು. ಆಮೇಲೆ 'ನಿಲ್ಲಿಸಲಾಗಿದೆ' ಎಂದಿದ್ದ ಕಡೆ ಅಡ್ಡಗೆರೆ ಎಳೆದು 'ಇಮ್ಮಡಿ ಮಾಡಲಾಗಿದೆ' ಎಂದು ಬರೆದು, ಸಹಿ ಜಡಿದರು. ಈ ಸಲದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಆಪರೇಟರ್ ಗಡಿಯಾರ ಇಸಿದುಕೊಂಡು ನೇರವಾಗಿ ಅವಳ ಹತ್ತಿರ ಹೋದ. ಕೊಡುವಾಗ ಅವಳ ಕೈ ಕಂಡಿತು. ಉಗುರಿನ ಸಂದಿಯಲ್ಲೆಲ್ಲ ಮಣ್ಣು, ಅಂಗೈ ತುಂಬ ಬಿರುಕು.

"ತಗೊಳ್ಳಮ್ಮಾ. ಕೈಗುಣ ಅಂದ್ರೆ ಇದು," ಅಂದ. ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಅವಳು ಗಡಿಯಾರವನ್ನು ಎದೆಗವಚಿಕೊಂಡು ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಚೀಲ ಕಮ್ಮಿ ಬಂದಷ್ಟೂ ನಾವು ಗೆದ್ದ ಹಾಗೆ ಅನ್ನಿ?"

"ಮತ್ತೆ!"

ಬಾಗಿಲ ತನಕ ಹೋದವಳು ಗಕ್ಕನೆ ತಿರುಗಿ, ಬೆರಳೆತ್ತಿ ಗದರಿದಳು.

"ಚೀಲದಣ್ಣಾ, ಮುಂದಿನ ವರ್ಷ ಒಂದೇ ಒಂದು ಖಾಲಿ ಚೀಲ ಕೊಟ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ, ನೋಡ್ತಿರಿ!"