ಕಟ್ಟಡ ಕಾಯುವವಳ ಸಾಕ್ಷಿ

ಡಾಕ್ಟರ್ ಉಮಾಶಂಕರ ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿದರು. ಕಮ್ಯುನಿಸ್ಟರ ಕಾಲದ ಝೆಕ್ ಪತ್ತೇದಾರಿ ಚಿತ್ರಗಳೆಂದರೆ ಅವರಿಗೆ ಹುಚ್ಚು. ಪ್ರತಿ ಭಾನುವಾರ ಎಜ್‌ವೇರ್‌ನ ಆ ಮನೆಯಲ್ಲಿ ಮುಂದೇನಾಗುತ್ತದೆಂದು ಎಲ್ಲರೂ ಊಹಿಸಲೇಬೇಕು. ತೆರೆಯ ಮೇಲೆ ಕಟ್ಟಡ ಕಾಯುವ ಹೆಂಗಸು ಪೊಲೀಸರೆದುರು ಏಪ್ರನ್ ಹಿಂಡುತ್ತ ನಿಂತಿದ್ದಳು.

"ಪ್ರತೀಕ್ಷಾ, ಮೇಲ್ಮಹಡಿಯವನು ಎಲ್ಲಿ ಅಡಗಿದ್ದಾನೆ ಅಂತ ಇವಳು ಹೇಳ್ತಾಳಾ?"

"ಹೇಳಲ್ಲ ಚಿಕ್ಕಪ್ಪ."

ಪಕ್ಕದಲ್ಲಿ ಅವರ ಮಗಳು ಗಾರ್ಗಿಯ ಮೊಣಕಾಲು ಒಂದೇ ಸಮನೆ ಅಲುಗುತ್ತಿತ್ತು. ಮನೆಯಲ್ಲಿ ತಿಳಿಸದೆ ಮೆಡಿಕಲ್ ಓದು ಬಿಟ್ಟು ಅವಳು ಕ್ವೀನ್ಸ್‌ಬರಿಯ ಬೇಕರಿಯಲ್ಲಿ ಕೇಕ್ ಮಾರುತ್ತಿದ್ದುದನ್ನು ಪ್ರತೀಕ್ಷಾ ಮೊನ್ನೆ ಕಣ್ಣಾರೆ ಕಂಡಿದ್ದಳು. ಆದರೆ ಈ ಪರದೇಶದಲ್ಲಿ ತನಗೆ ಅನ್ನ, ಕೋಣೆ ಕೊಟ್ಟವರು ಗಾರ್ಗಿಯ ಅಪ್ಪ ಅಮ್ಮ.

"ಆ ಕಾಲದಲ್ಲಿ ಅಲ್ಲಿ ಪೊಲೀಸರಿಗೆ ಹೇಳದವರು ಯಾರಿದ್ರಮ್ಮ?" ಎಂದು ನಗುತ್ತ ಚಿಕ್ಕಪ್ಪ ಮತ್ತೆ ರಿಮೋಟ್ ಒತ್ತಿದರು. ಹೆಂಗಸು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಪೊಲೀಸರು ಮೆಟ್ಟಿಲೇರಿದರು.

"ಸೋತೆ ನೋಡು," ಎಂದ ಗಾರ್ಗಿಯ ಅಮ್ಮ ವೈದೇಹಿ ಚಿಕ್ಕಮ್ಮ, ಬಟಾಣಿ ಬಿಡಿಸುತ್ತಲೇ ಕೇಳಿದರು, "ಅಂದ ಹಾಗೆ, ಮೊನ್ನೆ ಕ್ವೀನ್ಸ್‌ಬರಿಗೆ ಹೋಗಿದ್ಯಲ್ಲ. ಅಲ್ಲಿ ನಮ್ಮ ಗಾರ್ಗಿ ಕಣ್ಣಿಗೆ ಬಿದ್ಲಾ? ಯಾರೋ ಏನೋ ಅಂತಿದ್ರು. ಇವಳು ನೋಡಿದ್ರೆ ಕಾಲೇಜಲ್ಲೇ ಇದ್ದೆ ಅಂತಾಳೆ."

ಪ್ರತೀಕ್ಷಾ ಆ ಮನೆಯಲ್ಲಿ ಮೊದಲ ಸಲ ತಲೆಯೆತ್ತಿ ಚಿಕ್ಕಮ್ಮನ ಕಣ್ಣನ್ನೇ ನೋಡಿದಳು.

"ಇಲ್ಲ ಚಿಕ್ಕಮ್ಮ," ಎಂದಳು.