ಹಾಲಿನ ಆಣೆ

ದಿಲ್ಲಿಯ ವಿಶ್ವಾಸಮತದಲ್ಲಿ ಒಬ್ಬ ಸಂಸದನ ಬೆಲೆ ಇಪ್ಪತ್ತು ಕೋಟಿ ಎಂದು ಜನ ಆಡಿಕೊಳ್ಳುತ್ತಿದ್ದರು. ಊರಿನ ಹೆಂಗಸರ ಡೈರಿಯಲ್ಲಿ ಒಂದು ಮತಕ್ಕೆ ಒಂದು ಕುಕ್ಕರ್.

ತಾನು ಮನೆಮನೆ ತಿರುಗಿ ಗೆಲ್ಲಿಸಿದ ಸಂಸದ ಆಚೆ ಪಕ್ಷಕ್ಕೆ ಮತ ಹಾಕಿದ್ದನ್ನು ಟೀವಿಯಲ್ಲಿ ಕಂಡಂದಿನಿಂದ ಡೈರಿಯ ಅಧ್ಯಕ್ಷೆ ಚಿಕ್ಕತಾಯಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಆ ವಾರವೇ ನಿರ್ದೇಶಕಿ ಜವರಮ್ಮ ಅವಳ ಮೇಲೂ ಅವಿಶ್ವಾಸ ತಂದಳು.

ಚಿಕ್ಕತಾಯಮ್ಮನೂ ಸೇರಿ ಒಂಬತ್ತು ನಿರ್ದೇಶಕಿಯರು. ಅವರಲ್ಲಿ ನಾಲ್ವರು ಅವಳ ಮನೆಗೆ ಬಂದು ಹಾಲು ಮುಟ್ಟಿ ಆಣೆ ಮಾಡಿದರು. "ನಾವು ನಿನ್ ಕಡೇನೇ ಕಣಕ್ಕ."

"ಅವನೂ ಹಿಂಗೇ ಅಂದಿದ್ದ" ಎಂದಳು ಚಿಕ್ಕತಾಯಮ್ಮ.

ಸಂಜೆ ಜವರಮ್ಮನೇ ಒಂದು ಕುಕ್ಕರ್ ಹಿಡಿದು ಬಂದಳು. "ನಿನ್ನೋರೆಲ್ಲ ಕುಕ್ಕರ್ ಈಸ್ಕೊಂಡವ್ರೆ. ಹೆಂಗೂ ಸೋಲ್ತೀಯ. ನೀನೊಬ್ಬಳು ಯಾಕವ್ವ ಒಲೆ ಊದ್ಕೊಂಡು ಕೂತಿರ್ತೀಯ?"

"ನಂಗೊತ್ತಿತ್ತು ಬುಡು, ಆ ಮುಂಡೇರ ಬುದ್ಧಿ!"

ಮರುದಿನ ಗುಟ್ಟಿನ ಮತದಾನ. ಅಧಿಕಾರಿ ಚೀಟಿಗಳನ್ನು ಬಿಡಿಸಿ ಓದಿದರು: ಅಧ್ಯಕ್ಷೆಯ ಪರ ನಾಲ್ಕು, ವಿರುದ್ಧ ಐದು.

ಆಣೆ ಮಾಡಿದ್ದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವ್ ನಾಲ್ಕು ಜನಾನೂ ನಿಂಗೇ ಹಾಕಿದ್ವಲ್ಲಕ್ಕ! ನಿಂದೂ ಸೇರಿದ್ರೆ ಐದಾಗಬೇಕಿತ್ತು. ಇನ್ನೊಂದು ಎಲ್ಲೋಯ್ತು?"

ಚಿಕ್ಕತಾಯಮ್ಮನಿಗೆ ಕುಕ್ಕರ್ ಉಳಿಯಿತು, ಅಧ್ಯಕ್ಷಗಿರಿ ಹೋಯಿತು.