ಗುರುವಾರದ ಚಪ್ಪಾಳೆ

ವರ್ಷಕ್ಕೆ ಒಂಬತ್ತು ಸಾವಿರ ಪೌಂಡು ಫೀಸು, ತಿಂಗಳಿಗೆ ಆರುನೂರು ಬಾಡಿಗೆ. ಇಷ್ಟು ಕೊಟ್ಟು ನರ್ಸಿಂಗ್ ಓದುತ್ತಿದ್ದ ಗಾರ್ಗಿ, ಕೋವಿಡ್ ವಾರ್ಡಿನಲ್ಲಿ ಹನ್ನೆರಡು ಗಂಟೆ ದುಡಿದು ರೇನರ್ಸ್ ಲೇನಿನಲ್ಲಿ ತಾನು ರೂಮು ಹಿಡಿದಿದ್ದ ಮನೆಯ ಮುಂದೆ ಬಂದು ನಿಂತಳು. ಗುರುವಾರ, ಸಂಜೆ ಎಂಟು. ಆಸ್ಪತ್ರೆಯವರಿಗೆಂದು ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿತ್ತು. ಮನೆಯೊಡತಿ ಉಷಾ ಆಂಟಿಯದು ಎಲ್ಲರಿಗಿಂತ ಜೋರು.

"ಅವರ್ ನರ್ಸ್!" ಎಂದು ಪಕ್ಕದ ಮನೆಯವರಿಗೆ ಇಂಗ್ಲಿಷಿನಲ್ಲಿ ಕೂಗಿ ತೋರಿಸಿದ ಆಂಟಿ, ಗಾರ್ಗಿ ಹತ್ತಿರ ಬಂದೊಡನೆ ದನಿ ತಗ್ಗಿಸಿದರು. "ಹಿಂದಿನಿಂದ ಬಾರಮ್ಮ. ತೋಟದ ನಲ್ಲೀಲೇ ಮೈಕೈ ತೊಳ್ಕೊಂಡ್ಬಿಡು, ಬಾತ್‌ರೂಮಿಗೆ ಮಾತ್ರ ಹೋಗ್ಬೇಡ. ಅಂಕಲ್‌ಗೆ ಶುಗರ್ ಇದೆ, ಗೊತ್ತಲ್ಲ?"

ಇದನ್ನು ಹೇಳುವಾಗಲೂ ಅವರ ಕೈಗಳು ಚಪ್ಪಾಳೆ ತಟ್ಟುತ್ತಲೇ ಇದ್ದವು. ಮೂರು ವಾರದಿಂದ ತಣ್ಣೀರಿನಲ್ಲಿ ನಡುಗುತ್ತ ಮೈ ಒರೆಸಿಕೊಂಡಿದ್ದ ಗಾರ್ಗಿ ಆ ಕೈಗಳನ್ನೇ ನೋಡಿದಳು. ಅವಳ ಮೈ ಉರಿದುಹೋಯಿತು. ಅಕ್ಕಪಕ್ಕದವರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಕಿರುಚಿದಳು: "ಚಪ್ಪಾಳೆ ಬೇಡ ಆಂಟಿ! ಸ್ನಾನ ಮಾಡೋಕೆ ಬಿಡಿ!"

ಎರಡೂ ಕಡೆಯ ಬಾಗಿಲುಗಳಲ್ಲಿ ಚಪ್ಪಾಳೆ ನಿಂತಿತು. ಆಂಟಿ ಕೆಂಪಗಾಗಿ ದಾರಿ ಬಿಟ್ಟರು.

"ತಿಂಗಳ ಕೊನೆಗೆ ರೂಮ್ ಖಾಲಿ ಮಾಡು," ಎಂದರು, ಕನ್ನಡದಲ್ಲಿ, ಮೆಲ್ಲಗೆ.

ಗಾರ್ಗಿಗೆ ಅಂದು ಸ್ನಾನವಾಯಿತು. ರೂಮು ಹೋಯಿತು.